ದೊಡ್ಡದಾದ ಬೆಂಕಿ

ಮಂಗಳೂರು, ಬುಧವಾರ

ಪ್ರೀತಿಯ ಆಯಿಗೆ,

ಹಡಗಿನ ಕೆಲಸಕ್ಕೆ ಸೇರುವವರು ಬೆಂಕಿ ಆರಿಸುವುದನ್ನು ಕಲಿಯಲೇಬೇಕು. ಇವತ್ತು ತರಬೇತಿಗೆಂದು ಹೊಗೆ ತುಂಬಿದ ಕಬ್ಬಿಣದ ಕೋಣೆಯೊಳಗೆ ನನ್ನ ಜೊತೆಗಿದ್ದವನು ಕಾಯ್ಕಿಣಿಯ ಜಟ್ಟಣ್ಣ. ಬೆಂಕಿ ಪೂರ್ತಿ ಆರಿದ ಮೇಲೆ ಅವನು ಹೊರಗಿನವರಿಗೆ, "ಬೆಂಕಿ ದೊಡ್ಡದಾತು" ಎಂದು ಕೂಗಿದ. ದೀಪ ಆರಿತು ಎನ್ನುವುದು ಅಪಶಕುನವೆಂದು ನೀನೂ ದೀಪ ದೊಡ್ಡದಾತು ಎಂದೇ ಹೇಳುತ್ತೀಯಲ್ಲ. ನಮ್ಮ ಕಡೆಯ ಮಾತು ಗೊತ್ತಿಲ್ಲದ ತುಳು ಮೇಷ್ಟ್ರು ಬೆಂಕಿ ಹೆಚ್ಚಿತೆಂದು ತಿಳಿದು ನಮ್ಮ ಮೇಲೆಲ್ಲ ನೊರೆ ಸುರಿಸಿದರು.

"ನಿಜವಾದ ಹಡಗಾಗಿದ್ದರೆ ನಿಮ್ಮನ್ನು ಒಳಗೇ ಬಿಟ್ಟು ಬಾಗಿಲು ಹಾಕುತ್ತಿದ್ದರು" ಎಂದು ಬೈದರು.

ಮೂಢನಂಬಿಕೆಯ ಬಗ್ಗೆ ನಾನು ಓದಿದ ಕಿರುಪುಸ್ತಕಗಳೆಲ್ಲ ನಾಲಿಗೆಯ ತುದಿಗೆ ಬಂದವು. ಜಟ್ಟಣ್ಣ ಮೆಲ್ಲಗೆ, "ತಂಗಿ, ಮನೇಲಿ ಹೆಂಡ್ತಿ ಬಸುರಿ. ಆರ್ತು ಅಂತ ಹೇಂಗೆ ಹೇಳೂದು?" ಎಂದ.

"ಅವಳಿಗೆ ನೀ ಬೇಕಲ್ಲ, ಜಟ್ಟಣ್ಣ" ಎಂದೆ.

ಎರಡನೆಯ ಸಲ ಬೆಂಕಿ ಆರಿಸಿದಾಗ ಅವನು "ಆರ್ತು" ಎಂದು ಕೂಗಿ, ಕೆನ್ನೆ ಬಡಿದುಕೊಳ್ಳುತ್ತ ಹೊರಬಂದ.

ನನ್ನ ಕೆಮ್ಮು ಕಡಿಮೆಯಾಗಿದೆ, ಊಟ ಸೇರುತ್ತಿದೆ. ಮನೆಯ ದೀಪಕ್ಕೆ ನೀನು ಏನೇ ಹೇಳು, ಇನ್ನು ಜಗಳ ಆಡುವುದಿಲ್ಲ. ಮೀನಿಗೆ ಹೋದಾಗ ಬೋಟಿನಲ್ಲಿ ಮಾತ್ರ ನಮ್ಮ ಮನೆಯ ಅಣ್ಣ "ಆರಿತು" ಎಂದೇ ಹೇಳಲಿ. ನನ್ನ ಮಾತು ಅವನು ಕೇಳುವುದಿಲ್ಲ, ಅಪ್ಪಣೆ ನೀನೇ ಕೊಡಬೇಕು.

ನಾಗಶ್ರೀ