ಏನೂ ತೊಂದರೆಯಿಲ್ಲದವರಿಗೆ ಒಳಗೆ ಜಾಗವಿಲ್ಲ

ಆರೋಗ್ಯ ಇಲಾಖೆಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ತಮ್ಮ ಭಾಷಣವನ್ನು ನಂಬಿ, ಅದರಂತೆ ನಡೆದುಕೊಂಡ ಹೆಂಗಸೊಬ್ಬಳು ಈ ಊರಿನಲ್ಲಿದ್ದಾಳೆ. ಅವಳು ನನ್ನ ಅಕ್ಕ. ನಿನಗೆ ಕಾಯಿಲೆಯೇ ಇಲ್ಲವಲ್ಲ ಎಂದು ತಮ್ಮದೇ ಆಸ್ಪತ್ರೆ ಅವಳನ್ನು ವಾಪಸು ಕಳಿಸಿತು. ಕಾಯಿಲೆ ಬಂದ ಮೇಲೆ ಸಕಲ ಮರ್ಯಾದೆಯೊಂದಿಗೆ ಒಳಗೆ ಕರೆದುಕೊಂಡಿತು. ನನ್ನ ದೂರು ಇಷ್ಟೇ. ಪುರುಸೊತ್ತಿಲ್ಲದಿದ್ದರೆ ತಾವು ಇಲ್ಲಿಗೇ ಓದು ನಿಲ್ಲಿಸಬಹುದು.

ಕಳೆದ ವರ್ಷ ಸ್ತನ ಕ್ಯಾನ್ಸರ್ ಜಾಗೃತಿ ಸಮಾವೇಶವನ್ನು ತಾವು ನಡೆಸಿದ್ದು ನಾವು ಕೆಲಸ ಮಾಡುವ ಹೋಟೆಲಿನಲ್ಲಿ. ಮೇಜಿನ ಮೇಲಿನ ಗುಲಾಬಿ ಬಟ್ಟೆಗಳನ್ನು ಒಗೆದು ಇಸ್ತ್ರಿ ಹಾಕಿದವರು ನಾವು, ನೆಲಮಾಳಿಗೆಯ ಲಾಂಡ್ರಿಯವರು. ಸುಕ್ಕು ಕಾಣುತ್ತಿದೆಯೆಂದು ತಮ್ಮ ಕಚೇರಿಯವರು ಒಂದಿಡೀ ಹೊರೆಯನ್ನು ತಿರುಗಿ ಕೆಳಗೆ ಕಳಿಸಿದ್ದರು. ಜಾಗೃತಿಯಲ್ಲಿ ಸುಕ್ಕಿರಬಾರದು, ಒಪ್ಪುತ್ತೇನೆ. ಅಂದು ಮಿಕ್ಕ ಬಟ್ಟೆ ಕೊಡಲು ಮೇಲೆ ಹೋದ ಅಕ್ಕ ಹಿಂದಿನ ಬಾಗಿಲ ಬಳಿ ನಿಂತು ತಮ್ಮ ಭಾಷಣ ಪೂರ್ತಿ ಕೇಳಿದಳು. ಎಲ್ಲ ಸರಿಯಿರುವಾಗಲೇ ಪರೀಕ್ಷೆ ಮಾಡಿಸಿಕೊಳ್ಳಿ, ಗಂಟು ಕೈಗೆ ಸಿಗುವ ತನಕ ಕಾಯಬೇಡಿ, ಬೇಗ ಗೊತ್ತಾದರೆ ಗುಣವಾಗುವ ಸಾಧ್ಯತೆ ಹೆಚ್ಚು ಎಂದಿರಂತೆ. ಎಷ್ಟು ಒಳ್ಳೆಯ ಮಾತು! ಎದುರಿಗಿದ್ದವರು ಚಪ್ಪಾಳೆ ತಟ್ಟಿ ಊಟದ ಕಡೆ ನಡೆದರು. ಮಾತು ಮನಸ್ಸಿಗೆ ಹಾಕಿಕೊಂಡವಳು ಆಹ್ವಾನವೇ ಇಲ್ಲದ ಇವಳೊಬ್ಬಳು.

ದೊಡ್ಡ ಹಾಸಿಗೆಯ ಬೆಡ್‌ಶೀಟ್ ಮಡಿಸಲು ಇಬ್ಬರು ಬೇಕು. ಒಂದು ತುದಿ ಅಕ್ಕನದು, ಇನ್ನೊಂದು ನನ್ನದು. ಎಳೆದು, ಒದರಿ, ಹತ್ತಿರ ಬಂದು ತುದಿಗೆ ತುದಿ ಕೂಡಿಸುವಾಗ ನಮ್ಮ ಸುಖದುಃಖವೆಲ್ಲ ಮಾತಾಗುತ್ತದೆ. ಅಂದು ಅವಳು ಇಡೀ ಭಾಷಣವನ್ನು ನನಗೆ ಒಪ್ಪಿಸಿದಳು. "ಕೈಗೆ ಸಿಗದೇ ಇರೋದನ್ನೂ ಆ ಮೆಷಿನ್ನು ತೋರಿಸುತ್ತಂತೆ ಕಣೇ" ಎಂದಳು. ಆ ವಾರವೇ ರಜೆ ಹಾಕಿ ತಮ್ಮ ಆಸ್ಪತ್ರೆಗೆ ಹೋದಳು.

ಅಲ್ಲಿನ ಪದ್ಧತಿ ತಮಗೆ ತಿಳಿದಿರಲಿಕ್ಕಿಲ್ಲ. ತಾವು ಮುಂಬಾಗಿಲಿನಿಂದ ಹೋಗುವವರು. ನಮಗೆ ಇರುವುದು ಒಂದು ಕಿಟಕಿ. ಏನು ತೊಂದರೆ ಎಂದು ಅದು ಕೇಳುತ್ತದೆ. ಕೆಮ್ಮು ಎಂದರೆ ಒಂದು ಕೋಣೆ, ಕಾಲುನೋವು ಎಂದರೆ ಇನ್ನೊಂದು. ಏನೂ ಇಲ್ಲ ಎಂಬ ಉತ್ತರಕ್ಕೆ ಕೋಣೆಯಿಲ್ಲ. ಪರೀಕ್ಷೆಯ ಯಂತ್ರವೇನೋ ಒಳಗಿದೆ. ಆದರೆ ಅದರ ಬಾಗಿಲು ತೆರೆಯಲು ಡಾಕ್ಟರು ಬರೆಯಬೇಕು, ಡಾಕ್ಟರನ್ನು ಕಾಣಲು ತೊಂದರೆ ಇರಬೇಕು. ಅಕ್ಕ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಕಿಟಕಿಯಾತನಿಗೂ ಸಂಕಟ. "ಏನೂ ಆಗದವರನ್ನ ಯಾವ ಡಾಕ್ಟ್ರ ಹತ್ರ ಕಳಿಸಲಮ್ಮಾ? ಏನಾದ್ರೂ ಆದಾಗ ಬನ್ನಿ" ಎಂದ. ಅವನ ತಲೆಯ ಮೇಲೆಯೇ ಗೋಡೆಯಲ್ಲಿ ತಮ್ಮ ಇಲಾಖೆಯ ಪೋಸ್ಟರು ನಗುತ್ತಿತ್ತು: ಲಕ್ಷಣಕ್ಕಾಗಿ ಕಾಯಬೇಡಿ! ಹಿಂದೆ ಸಾಲಿನಲ್ಲಿದ್ದವರು ಗೊಣಗತೊಡಗಿದರು. ಕಾಯಿಲೆಯವರ ಜಾಗ ಕಬಳಿಸಲು ಬಂದವಳಂತೆ ಅಕ್ಕ ನಾಚಿಕೊಂಡು ಹೊರಗೆ ಬಂದಳು.

ನಮ್ಮಲ್ಲಿ ರೇಡಿಯೋ ಎಂದು ಕರೆಯುವ ಒಬ್ಬಳಿದ್ದಾಳೆ, ಬಾಯಿ ಮುಚ್ಚಿದ್ದನ್ನು ನಾವು ಕಂಡಿಲ್ಲ. ಎದೆನೋವು ಎಂದು ಸುಳ್ಳು ಹೇಳುವುದಪ್ಪಾ, ಅದಕ್ಕೇನು ಖರ್ಚೇ ಎಂದು ಅವಳೇ ಹೋಗಿ ಪ್ರಯೋಗ ಮಾಡಿದಳು. ನೋವನ್ನು ಎಷ್ಟು ಚೆನ್ನಾಗಿ ವರ್ಣಿಸಿದಳೆಂದರೆ, ಗ್ಯಾಸಿನ ಮಾತ್ರೆ ಕೊಟ್ಟು, ಟೀ ಕಡಿಮೆ ಮಾಡು ಎಂದು ಬೈದು ಕಳಿಸಿದರು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಕ್ಕ ಮಾತ್ರ, ಆರೋಗ್ಯವಾಗಿದ್ದೇನೆ ಎಂಬುದಕ್ಕೂ ಸುಳ್ಳು ಹೇಳಬೇಕೇ, ಏನಾದರೂ ಆದರೆ ಹೋದರಾಯಿತು ಎಂದು ಸುಮ್ಮನಾದಳು. ತಮ್ಮ ಭಾಷಣವನ್ನು ಪಾಲಿಸಿದಂತೆಯೇ ತಮ್ಮ ಕಿಟಕಿಯ ಮಾತನ್ನೂ ಪಾಲಿಸಿದಳು. ಇಷ್ಟು ವಿಧೇಯ ಪ್ರಜೆ ತಮಗೆ ಇನ್ನೆಲ್ಲಿ ಸಿಕ್ಕಾಳು?

ಮುಂದಿನ ಬೇಸಿಗೆಯಲ್ಲಿ, ಸ್ನಾನ ಮಾಡುವಾಗ ಎಡಗಡೆ ಗಂಟು ಕೈಗೆ ಸಿಕ್ಕಿತು. ಈ ಸಲ ಅದೇನು ಉಪಚಾರ ಮಾನ್ಯರೇ! ಗಂಟು ಎಂದ ಕೂಡಲೇ ಕೋಣೆ ಸಿಕ್ಕಿತು, ಯಂತ್ರ ಸಿಕ್ಕಿತು, ಕೂರಲು ಕುರ್ಚಿಯೂ ಸಿಕ್ಕಿತು. ಡಾಕ್ಟರಮ್ಮ ಒಳ್ಳೆಯವರು. ಕಂಕುಳಿಗೂ ಹಬ್ಬಿದೆ ಎಂಬುದನ್ನು ಆದಷ್ಟು ಮೃದುವಾಗಿ ಹೇಳಿ, "ಸ್ವಲ್ಪ ಮುಂಚೆ ಬಂದಿದ್ರೆ ಚೆನ್ನಾಗಿತ್ತಮ್ಮಾ" ಎಂದರು.

"ಬಂದಿದ್ದೆ ಡಾಕ್ಟ್ರೇ" ಎಂದಳು ಅಕ್ಕ.

ಡಾಕ್ಟರಮ್ಮ ತಲೆ ತಗ್ಗಿಸಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಕಿಟಕಿಯಾತನ ಮೇಲೂ ಇಲ್ಲ. ಕಲಿಸಿದ್ದನ್ನು ಕೇಳುವುದು ಅವನ ಕೆಲಸ. ನನ್ನ ಸಿಟ್ಟೆಲ್ಲ ತಮ್ಮ ಮೇಲೆ. ಜನರನ್ನು ಬನ್ನಿ ಬನ್ನಿ ಎಂದು ಕರೆದ ತಾವು, ಬಂದರೆ ಎಲ್ಲಿ ಕೂರಿಸುವುದೆಂದು ಒಂದು ಗಳಿಗೆಯಾದರೂ ಯೋಚಿಸಿದ್ದಿರಾ? ಅಥವಾ ಯಾರೂ ಬರುವುದಿಲ್ಲ ಎಂಬ ಧೈರ್ಯದ ಮೇಲೆಯೇ ಕರೆದಿರಾ?

ಈಗ ಅಕ್ಕನಿಗೆ ಚಿಕಿತ್ಸೆ ನಡೆಯುತ್ತಿದೆ. ಆಪರೇಷನ್ ಆದ ಮೇಲೆ ಎಡಗೈ ಭುಜದಿಂದ ಮೇಲೇಳುವುದಿಲ್ಲ. ಆದರೂ ಆಗಾಗ ಲಾಂಡ್ರಿಗೆ ಬಂದು ಬೆಡ್‌ಶೀಟಿನ ತುದಿ ಹಿಡಿಯುತ್ತಾಳೆ. ಅವಳ ಕಡೆ ಬಟ್ಟೆ ನೆಲಕ್ಕೆ ತಾಗುತ್ತದೆ; ನಾನೂ ನನ್ನ ಕಡೆ ಕೈ ತಗ್ಗಿಸುತ್ತೇನೆ. ನನಗೆ ಭಯವಾಗುತ್ತದೆ. ಆ ತುದಿ ಹಿಡಿಯುವವರಿಲ್ಲದ ದಿನವನ್ನು ನೆನೆಯಲೂ ಆಗುವುದಿಲ್ಲ.

ಅಕ್ಕನಿಗೆ ಬಂದಿರುವುದರಿಂದ ತಂಗಿಯೂ ತಡಮಾಡದೆ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಡಾಕ್ಟರಮ್ಮ ಹೇಳಿದ್ದಾರೆ; ಆದರೆ ಬರೆದುಕೊಡಬೇಕಾದರೆ ನಾನು ಕಿಟಕಿಯ ಮೂಲಕವೇ ಬರಬೇಕಂತೆ. ಕಳೆದ ವಾರ ಹೋದೆ. ಅದೇ ಕಿಟಕಿ, ಅದೇ ಪೋಸ್ಟರು, ಅದೇ ಪ್ರಶ್ನೆ. ಏನೂ ತೊಂದರೆಯಿಲ್ಲ, ಅಕ್ಕನಿಗೆ ಹೀಗಾಗಿದೆ ಎಂದೆ. ಹಾಗಾದರೆ ಅಕ್ಕನನ್ನು ಕರೆದುಕೊಂಡು ಬನ್ನಿ ಎಂದರು. ವಾಪಸು ಬಂದು ಅಕ್ಕನಿಗೆ ಹೇಳಿದೆ. ಅವಳು ನನ್ನ ಮೊಣಕೈ ಹಿಡಿದುಕೊಂಡಳು.

"ಗಂಟಿದೆ ಅಂತ ಸುಳ್ಳು ಹೇಳಿಬಿಡೇ. ನನ್ನ ಹಾಗೆ ಮಾಡಬೇಡ."

ಹುಟ್ಟಿದಾಗಿನಿಂದ ನನಗೆ ಸುಳ್ಳು ಹೇಳಬೇಡ ಎಂದು ಕಲಿಸಿದವಳು ಅವಳು. ಅವಳ ಬಾಯಿಂದ ಈ ಮಾತು ಹೊರಡಿಸಿದ್ದಕ್ಕೆ ತಮ್ಮನ್ನು ನಾನು ಕ್ಷಮಿಸಲಾರೆ.

ನನಗೆ ಹೊಸ ಕಟ್ಟಡ ಬೇಡ, ಇನ್ನೊಂದು ಸಮಾವೇಶವಂತೂ ಖಂಡಿತ ಬೇಡ. ಆ ಕಿಟಕಿಗೆ ಒಂದು ಮಾತು ಕಲಿಸಿ. ಏನೂ ತೊಂದರೆಯಿಲ್ಲ ಎಂದವರಿಗೆ, ಸರಿಯಾದ ಸಮಯಕ್ಕೆ ಬಂದಿರಿ, ಒಳಗೆ ಹೋಗಿ ಎನ್ನಲಿ. ಆ ಯಂತ್ರದ ಬಾಗಿಲನ್ನು ನೇರವಾಗಿ ನಮಗೆ ತೆರೆಯಿರಿ. ಬರುವ ಸೋಮವಾರ ನಾನು ಮತ್ತೆ ಬರುತ್ತೇನೆ. ಲಾಂಡ್ರಿಯವರೆಲ್ಲ ಜೊತೆಗಿರುತ್ತಾರೆ, ರೇಡಿಯೋ ಕೂಡ. ನಮ್ಮಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ.

ಇಂತಿ,
ತಮ್ಮ ಆಸ್ಪತ್ರೆಗೆ ಇನ್ನೂ ಅರ್ಹಳಾಗದ,
ಸದ್ಯಕ್ಕೆ ಏನೂ ತೊಂದರೆಯಿಲ್ಲದವಳು