ಅರವತ್ತೊಂದನೇ ಕಂಬದ ಮೇಲಿನ ಒಂದು ಗೇಣು

ಬಿಡುವಿನ ತಿಂಗಳು, ಮೂರನೇ ದಿನ
ಕೆರೆ ಮರಳಿ ತುಂಬಿದ ತೊಂಬತ್ತೆರಡನೇ ವರ್ಷ
ನಿಮ್ಮ ಲೆಕ್ಕಕ್ಕೆ ಎರಡು ಸಾವಿರದ ನೂರ ಎಂಬತ್ತೆಂಟು, ಹದಿಮೂರನೇ ತಿಂಗಳು
ಚನ್ನಪಟ್ಟಣ

ಕೆಂಪಾಚಾರ್ರೇ,

ಬರೆಯುವುದು ನನ್ನ ಕೆಲಸವಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳನ್ನು ಎಪ್ಪತ್ತೊಂದನೇ ವಯಸ್ಸಿನಲ್ಲಿ ಹಿಡಿದು ಕೂರಿಸಿ ಕಾಗದ ಬರೆಸುವುದು ಯಾವ ನ್ಯಾಯವೋ ಗೊತ್ತಿಲ್ಲ. ಬಾಯಲ್ಲಿ ಹೇಳುತ್ತೇನೆ, ನೀನೇ ಬರೆದುಕೋ ಎಂದು ಮೊಮ್ಮಗಳು ತೊರೆಗೆ ಹೇಳಿದೆ. ಕೇಳುವವರದೇ ಕೈಬರಹ ಇರಬೇಕು, ಇಲ್ಲದಿದ್ದರೆ ಹಿಂದಂಚೆಯವರು ತೆಗೆದುಕೊಳ್ಳುವುದಿಲ್ಲ ಎಂದಳು. ಬೆಳಗಿನಿಂದ ಲೇಖನಿಯ ಎರಡು ಮುಳ್ಳು ಮುರಿದಿದ್ದೇನೆ. ಐವತ್ತೆಂಟು ವರ್ಷ ಕೊಡತಿ ಹಿಡಿದ ಕೈಗೆ ಲೇಖನಿ ಕಡ್ಡಿಯ ಹಾಗೆ ಸಿಕ್ಕುತ್ತದೆ. ಅಕ್ಷರ ಸೊಟ್ಟಗಿದ್ದರೆ ನಗಬೇಡಿ. ನನ್ನ ಮಾತು ನಿಮಗೆ ವಿಚಿತ್ರ ಅನ್ನಿಸಿದರೆ ಅದನ್ನೂ ಸಹಿಸಿಕೊಳ್ಳಿ. ನಡುವೆ ನೂರೈವತ್ತು ವರ್ಷಕ್ಕೂ ಮೇಲೆ ಇದೆ.

ಮೇಲಿನ ತಾರೀಕು ತಪ್ಪಲ್ಲ. ಬಿಸಿಲು ಹೆಚ್ಚಾದ ಮೇಲೆ ನಮ್ಮ ಹಿರಿಯರು ವರ್ಷಕ್ಕೆ ಒಂದು ತಿಂಗಳು ಸೇರಿಸಿದರು. ಅಧಿಕ ಮಾಸದ ಹಾಗೆ ಬಂದು ಹೋಗುವುದಲ್ಲ, ಪ್ರತಿವರ್ಷವೂ ಇರುತ್ತದೆ. ಅದರಲ್ಲಿ ಯಾರೂ ಯಾರನ್ನೂ ಕೂಲಿಗೆ ಕರೆಯುವ ಹಾಗಿಲ್ಲ, ಅದಕ್ಕೇ ಬಿಡುವಿನ ತಿಂಗಳು. ದುರಸ್ತಿಯವರಿಗೆ ಮಾತ್ರ ಬಿಡುವಿಲ್ಲ. ಇನ್ನು ಹಿಂದಂಚೆ. ಆ ಕಾಲಕ್ಕೂ ಈ ಕಾಲಕ್ಕೂ ನಿಂತೇ ಇರುವ ಒಂದು ಮರವಿದ್ದರೆ, ಅದರ ಬುಡದಲ್ಲಿ ಇಲ್ಲಿ ಇಟ್ಟ ಕಾಗದ ಅಲ್ಲಿ ಸಿಗುತ್ತದೆ. ಹೇಗೆ ಎಂದು ನನ್ನನ್ನು ಕೇಳಬೇಡಿ, ನನಗೂ ಯಾರೂ ಹೇಳಿಲ್ಲ. ನಮ್ಮಿಬ್ಬರ ನಡುವೆ ಇರುವ ಮರ ಅರವತ್ತೊಂದನೇ ಕಂಬ. ಅದರೊಳಗೆ ನಿಮ್ಮ ಹೆಸರು ಕೊರೆದಿದೆ, ಪಕ್ಕದಲ್ಲಿ ವಯಸ್ಸು ನಲವತ್ತು ಎಂದಿದೆ. ಹಾಗೆ ನೋಡಿದರೆ ನಾನೇ ಹಿರಿಯಳು. ಗದರಿದರೆ ಬೇಸರ ಮಾಡಿಕೊಳ್ಳಬೇಡಿ.

ನೀವು ರೋಲರ್ ಕೋಸ್ಟರ್ ಅನ್ನುವುದನ್ನು ನಾವು ಏರಿಳಿ ಅನ್ನುತ್ತೇವೆ. ಆ ಕಂಬ ನಿಂತಿರುವ ನಮ್ಮೂರ ಮುದಿ ಏರಿಳಿಯನ್ನು ನೀವು ಈಗ ಬಿಚ್ಚಿ, ಕೊಳೆತದ್ದನ್ನು ತೆಗೆದು, ಹೊಸ ಮರ ಕೂಡಿಸುತ್ತಿದ್ದೀರಿ. ನಿಮ್ಮವರು ಇನ್ನು ಇಪ್ಪತ್ತು ವರ್ಷ ಬಂದರೆ ಹೆಚ್ಚು ಎಂದುಕೊಂಡಿದ್ದರಂತೆ. ಇವತ್ತಿಗೂ ಓಡುತ್ತಿದೆ. ಹತ್ತು ಗಂಟೆಯಿಂದ ನಾಲ್ಕರವರೆಗೆ ಊರಿನ ಮೇಲೆ ನೆರಳುಬಟ್ಟೆ ಎಳೆದಿರುತ್ತಾರೆ, ಆ ಹೊತ್ತಿನಲ್ಲಿ ನಾಯಿಯೂ ಬೀದಿಗೆ ಬರುವುದಿಲ್ಲ. ಹಾಗಾಗಿ ಜನ ಬೆಳಗಿನ ರೊಟ್ಟಿ ಕಟ್ಟಿಕೊಂಡು ಐದೂವರೆಗೇ ಸಾಲು ನಿಲ್ಲುತ್ತಾರೆ. ರಾಗಿ ಈಗಲೂ ರಾಗಿಯೇ. ಜನ ಬರುವ ಮೊದಲು ನಾನು ಹಳಿಯುದ್ದಕ್ಕೂ ನಡೆಯುತ್ತೇನೆ. ಹುಣಸೆಮರದ ಕೊಡತಿಯಿಂದ ಪ್ರತಿ ಕಂಬಕ್ಕೂ ಎರಡು ಪೆಟ್ಟು ತಟ್ಟಿ ಕೇಳುತ್ತೇನೆ. ಗಟ್ಟಿ ಮರ ಒಂದು ಥರ ಮಾತಾಡುತ್ತದೆ, ಕೊಳೆಯಲು ಹೊರಟ ಮರ ಇನ್ನೊಂದು ಥರ. ತಟ್ಟುವವರು ಅಂತಲೇ ನಮ್ಮನ್ನು ಕರೆಯುವುದು. ನನ್ನ ಅಪ್ಪನದೂ ಇದೇ ಕೆಲಸ. ನಮ್ಮಲ್ಲಿ ಎರಡು ಕಟ್ಟಳೆ ಇವೆ. ಮರ ಕೂಡಿಸಿದವರೇ ದುರಸ್ತಿಯಾದ ಮೇಲೆ ಮೊದಲ ಬಂಡಿಯಲ್ಲಿ ಕೂರಬೇಕು, ಮನೆಯವರನ್ನೂ ಕೂರಿಸಿಕೊಂಡು. ಗಟ್ಟಿ ಮರವನ್ನು ಕೊಳೆತಿದೆ ಎಂದು ಬಿಚ್ಚಿಸಿದವರು ಒಂದು ವರ್ಷ ಕೊಡತಿ ಕೆಳಗಿಡಬೇಕು.

ಈಗ ವಿಷಯಕ್ಕೆ ಬರುತ್ತೇನೆ. ಹಳಿಯ ಕೊನೆಯ ದಿಬ್ಬ ನಕ್ಷೆಯಲ್ಲಿರುವುದಕ್ಕಿಂತ ಒಂದು ಗೇಣು ಎತ್ತರ ಇದೆ. ಅರವತ್ತೊಂದನೇ ಕಂಬದ ನೆತ್ತಿಯ ಮೇಲೆ ಹಳಿಯ ಕೆಳಗೆ ಹೊನ್ನೆಯ ಹಲಗೆಗಳನ್ನು ಒಂದರ ಮೇಲೊಂದು ಕೂರಿಸಿ ಅಷ್ಟು ಏರಿಸಿದ್ದೀರಿ. ಅದರಿಂದ ಏನಾಗುತ್ತದೆ ಎಂದರೆ, ಅಷ್ಟು ಹೊತ್ತೂ ಗಡಗಡ ಅಂತ ಓಡಿ ಬಂದ ಬಂಡಿ ಅಲ್ಲಿ ನೆತ್ತಿಗೆ ಹತ್ತಿ, ಇನ್ನೇನು ನಿಂತೇಬಿಟ್ಟಿತು ಅನ್ನುವ ಹಾಗೆ ಆಗುತ್ತದೆ. ಮೂರು ಉಸಿರಿನಷ್ಟು ಹೊತ್ತು. ಕೂಗುತ್ತಿದ್ದ ಮಕ್ಕಳು ಕೂಗು ನಿಲ್ಲಿಸಿ ಕಣ್ಣು ಬಿಡುತ್ತವೆ. ಪಕ್ಕದಲ್ಲಿ ಕೂತವರು ಯಾರೆಂದು ಗೊತ್ತಿಲ್ಲದಿದ್ದರೂ ಕೈ ಹಿಡಿದುಕೊಂಡಿರುವುದು ಆಗ ತಿಳಿಯುತ್ತದೆ, ನಾಚಿಕೊಂಡು ಬಿಡುತ್ತಾರೆ, ಕೆಲವರು ಬಿಡುವುದಿಲ್ಲ. ದೂರದಲ್ಲಿ ಕಣ್ವ ಕೆರೆಯ ನೀರು ಕಾಣುತ್ತದೆ. ನಮ್ಮಜ್ಜಿಯ ಕಾಲದಲ್ಲಿ ಅಲ್ಲಿ ಬಿರುಕು ಬಿಟ್ಟ ಕೆಸರು ಮಾತ್ರ ಕಾಣುತ್ತಿತ್ತಂತೆ, ಆಗಲೂ ಜನ ಆ ಮೂರು ಉಸಿರಿಗೆಂದೇ ಬರುತ್ತಿದ್ದರಂತೆ. ಆಮೇಲೆ ಬಂಡಿ ಮೂತಿ ಕೆಳಗೆ ಮಾಡುತ್ತದೆ.

ಈ ವರ್ಷ ಏರಿಳಿಯನ್ನು ಹೊಸದು ಮಾಡಲು ಬೆಳಕು ಎಂಬ ಎಂಜಿನಿಯರು ಬಂದಿದ್ದಾಳೆ. ಬೆಳಕು, ತೊರೆ, ಈಗ ಮಕ್ಕಳಿಗೆ ಇಂಥ ಹೆಸರೇ ಇಡುವುದು. ಒಳ್ಳೆಯ ಹುಡುಗಿ, ಅದೇ ಕಷ್ಟ. ಕೆಟ್ಟವಳಾಗಿದ್ದರೆ ಎರಡು ಮಾತು ಬೈದು ಕಳಿಸುತ್ತಿದ್ದೆ. ಅವಳು ತಂದಿರುವುದು ಸಾಕುಮರ, ಅಂದರೆ ಕಾಡಿನಲ್ಲಿ ಬೆಳೆಯದೆ ತೊಟ್ಟಿಯಲ್ಲಿ ಬೆಳೆದ ಹಲಗೆ. ಒಂದು ಹಸಿ ಮರ ಕಡಿಯಲು ಈಗ ಊರೆಲ್ಲ ಒಪ್ಪಬೇಕು, ಒಂದು ವರ್ಷ ಕಾಯಬೇಕು, ಹಾಗಾಗಿ ಸಾಕುಮರ ಬೇಡ ಎಂದು ನಾನು ಹೇಳಲಾರೆ. ತಟ್ಟಿದರೆ ಅದು ಏನೂ ಹೇಳುವುದಿಲ್ಲ, ಗೋಣಿಚೀಲಕ್ಕೆ ಬಡಿದ ಹಾಗೆ. ಅದನ್ನೂ ನುಂಗಿಕೊಂಡೆ. ಆದರೆ ಅವಳು ಕೊನೆಯ ದಿಬ್ಬವನ್ನು ನಕ್ಷೆಯಷ್ಟಕ್ಕೇ ಇಳಿಸುತ್ತಾಳಂತೆ. ಅದು ಆಚಾರಿ ಅಳತೆ ತಪ್ಪಿದ್ದು, ಜನ ಕಡಿಮೆ ಕೂತ ದಿನ ಬಂಡಿ ನೆತ್ತಿಯಲ್ಲೇ ನಿಂತೀತು ಅನ್ನುತ್ತಾಳೆ. ನಿಂತದ್ದುಂಟು. ನನ್ನ ಕಾಲದಲ್ಲಿ ಎರಡು ಸಲ. ನಾವೇ ಹತ್ತಿ ತಳ್ಳಿದೆವು, ಕೂತವರಿಗೆ ಬೆಲ್ಲದ ಪಾನಕ ಕೊಟ್ಟೆವು. ಅವಳು ನಕ್ಕಳೇ ಹೊರತು ಒಪ್ಪಲಿಲ್ಲ. ಅರವತ್ತೊಂದನೇ ಕಂಬ ಟೊಳ್ಳಾಗಿದೆ ಎಂದು ಅವಳ ಯಂತ್ರವೂ ಹೇಳಿತು. ದಿಬ್ಬದ ಜೊತೆ ಕಂಬವನ್ನೂ ಕೀಳಬೇಕು ಎಂದಳು.

ಅಲ್ಲಿ ನಾನು ಬಾಯಿ ಬಿಡಲೇಬೇಕಾಯಿತು. ಮೂವತ್ತಾರು ವರ್ಷದ ಹಿಂದೆ ಆ ಕಂಬವನ್ನು ಎಂದಿಗಿಂತ ಒಂದು ಮೊಳ ಮೇಲೆ ತಟ್ಟಿದಾಗ ನನಗೂ ಟೊಳ್ಳು ಕೇಳಿತ್ತು. ಕೊಳೆತಿದೆ ಎಂದು ನನ್ನ ಗಂಡ ಜವರನನ್ನು ಕರೆದು ಉಳಿ ಹಾಕಿಸಿದೆ. ಜವರ ಬಂಡಿಯ ತಡೆಗೋಲು ಹಿಡಿಯುವವನು. ಉಳಿ ಹಾಕಿದರೆ ಒಂದು ಮುಚ್ಚಳ ಕಳಚಿ ಬಂತು. ಒಳಗೆ ಅಂಗೈ ಅಗಲದ ಗೂಡು, ಅರಗು ಬಳಿದು ನುಣುಪು ಮಾಡಿದ್ದು, ಒಂದು ಹುಳದ ತೂತೂ ಇಲ್ಲ. ಮುಚ್ಚಳದ ಒಳಮೈಯಲ್ಲಿ ನಿಮ್ಮ ಹೆಸರು. ಗೂಡು ಖಾಲಿ ಇತ್ತು. ನಾನು ಗಟ್ಟಿ ಮರವನ್ನು ಕೊಳೆತದ್ದು ಅಂದಿದ್ದೆ. ಕಟ್ಟಳೆಯ ಪ್ರಕಾರ ಕೊಡತಿ ಇಳಿಸಬೇಕಿತ್ತು. ಇಳಿಸಲಿಲ್ಲ. ನಾನಾಗ ಊರಿಗೇ ಒಳ್ಳೆಯ ಕಿವಿಯವಳು ಅನ್ನಿಸಿಕೊಂಡಿದ್ದೆ. ಮುಚ್ಚಳ ಹಾಕಿಸಿ ಸುಮ್ಮನಾದೆ, ಜವರನೂ ಸಾಯುವವರೆಗೆ ಯಾರಿಗೂ ಹೇಳಲಿಲ್ಲ. ಮೊನ್ನೆ ಎಲ್ಲರೆದುರು ಹೇಳಿ ಕೊಡತಿಯನ್ನು ತೊರೆಯ ಕೈಗೆ ಕೊಟ್ಟೆ. ಒಂದು ವರ್ಷ ಅವಳು ತಟ್ಟುತ್ತಾಳೆ. ಬೆಳಕು ಕಂಬವನ್ನು ಬಿಟ್ಟಳು, ದಿಬ್ಬವನ್ನು ಬಿಡಲಿಲ್ಲ. ನಮ್ಮಲ್ಲಿ ಹಳೆಯ ಕೆಲಸ ಉಳಿಯಬೇಕಾದರೆ ಮಾಡಿದವರ ಮಾತು ಬೇಕು, ಏಕೆ ಮಾಡಿದೆ ಎಂದು ಅವರೇ ಹೇಳಿರಬೇಕು. ನಿಮ್ಮ ಮಾತು ಎಲ್ಲೂ ಸಿಗಲಿಲ್ಲ.

ನನಗೆ ಆ ಗೇಣು ಯಾಕೆ ಬೇಕು ಎಂದು ಕೇಳುತ್ತೀರಿ. ಜವರನಿಗೆ ಎದೆ ಕಟ್ಟುವ ರೋಗ ಬಂತು. ಒಂದು ವಾಕ್ಯ ಆಡಲು ಎರಡು ಕಡೆ ನಿಲ್ಲುತ್ತಿದ್ದ. ವೈದ್ಯರು ಮನೆಗೆ ಕರೆದುಕೊಂಡು ಹೋಗಿ ಅಂದ ವರ್ಷವೂ ದುರಸ್ತಿ ಮುಗಿಯಿತು, ಮೊದಲ ಬಂಡಿಯಲ್ಲಿ ಕೂರುತ್ತೇನೆ ಎಂದು ಹಟ ಹಿಡಿದ. ಬೈದೆ, ಅತ್ತೆ, ಕೇಳಲಿಲ್ಲ. ನಾಲ್ಕು ಜನ ಎತ್ತಿ ಕೂರಿಸಿದರು. ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡೇ ಇದ್ದ, ಆಗಲೇ ಹೋಗಿಬಿಟ್ಟನೇನೋ ಎಂದು ಅವನ ತೋಳು ಗಿಂಡುತ್ತಾ ಬಂದೆ. ನೆತ್ತಿಗೆ ಬಂದು ಬಂಡಿ ನಿಂತ ಹಾಗಾಯಿತು. ಜವರ ಕಣ್ಣು ಬಿಟ್ಟು ಉದ್ದಕ್ಕೆ ಉಸಿರೆಳೆದುಕೊಂಡ. ಎಷ್ಟೋ ತಿಂಗಳಿಂದ ಹಾಗೆ ಎಳೆದಿರಲಿಲ್ಲ.

“ಇಲ್ಲಿ ಉಸಿರು ಸಿಗ್ತದೆ ಕಣೇ,” ಅಂದ.

“ಸುಮ್ಕೆ ಕುಂತ್ಕೊ, ಬಿದ್ಗಿದ್ದೀಯ,” ಅಂದೆ ನಾನು.

ಅದಕ್ಕಿಂತ ಒಳ್ಳೆಯ ಮಾತು ನನ್ನ ಬಾಯಿಗೆ ಬರಲಿಲ್ಲ. ಅಷ್ಟರಲ್ಲಿ ಬಂಡಿ ಇಳಿಯಿತು. ಅವನು ಹನ್ನೊಂದು ದಿನ ಇದ್ದ. ಅವನು ಹೋದ ಮೇಲೆ ಪ್ರತಿವರ್ಷ ಮೊದಲ ಬಂಡಿಯಲ್ಲಿ ಕೂತಾಗ ಪಕ್ಕದ ಜಾಗ ಖಾಲಿ ಬಿಡಿಸುತ್ತೇನೆ. ಆ ಮೂರು ಉಸಿರಿನಲ್ಲಿ ಆವತ್ತು ಆಡದೆ ಉಳಿದದ್ದನ್ನು ಅವನಿಗೆ ಹೇಳುತ್ತೇನೆ. ಏನು ಹೇಳುತ್ತೇನೆ ಎಂಬುದು ನಿಮಗೆ ಬೇಡ. ಗೇಣು ಇಳಿಸಿದರೆ ಬಂಡಿ ಅಲ್ಲಿ ಸರ್ರನೆ ಹಾರಿಹೋಗುತ್ತದೆ, ಒಂದು ಮಾತಿಗೂ ಹೊತ್ತಿರುವುದಿಲ್ಲ. ಇದನ್ನು ಬೆಳಕಿಗೂ ಹೇಳಿದೆ. ಅವಳ ಕಣ್ಣಲ್ಲಿ ನೀರು ಬಂತು. ಆದರೂ, ಅಜ್ಜಿ, ಇದು ನಿಮ್ಮ ಕಾರಣ, ಮಾಡಿದವರದಲ್ಲವಲ್ಲ ಎಂದಳು. ಸರಿಯಾಗಿಯೇ ಹೇಳಿದಳು.

ಆದ್ದರಿಂದ ಆಚಾರ್ರೇ, ನೀವು ಬರೆಯಿರಿ. ನನ್ನ ಹಾಗೆ ಗೋಳಾಡದೆ ಬರೆಯಿರಿ, ನಾಲ್ಕು ಸಾಲು ಸಾಕು. ನಿಮ್ಮ ಮನೆಯಲ್ಲೂ ಉಸಿರಿಗೆ ಕಷ್ಟಪಡುವವರು ಯಾರಾದರೂ ಇದ್ದರೇ? ಹೆಂಡತಿಗೆ ನೀರು ತೋರಿಸಬೇಕಿತ್ತೇ? ಅಳತೆ ತಪ್ಪಿ ಮಾಡಿದ್ದಾದರೆ ತಪ್ಪಿದೆ ಎಂದೇ ಬರೆಯಿರಿ. ತಪ್ಪಿ ಮುಚ್ಚಿಟ್ಟವಳು ನಾನೂ ಇದ್ದೇನೆ, ನಿಮ್ಮನ್ನು ಆಡಿಕೊಳ್ಳುವುದಿಲ್ಲ. ಸುಳ್ಳು ಮಾತ್ರ ಬೇಡ. ಬರೆದದ್ದನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಆ ಗೂಡಿನಲ್ಲಿ ಇಡಿ. ಅಂದು ಗೂಡು ಖಾಲಿ ಇತ್ತಲ್ಲ, ಈಗ ಉತ್ತರ ಹೇಗೆ ಬರುತ್ತದೆ ಎಂದು ತೊರೆಯನ್ನು ಕೇಳಿದೆ. ಅಂದು ನೀನು ಕಾಗದ ಬರೆದಿರಲಿಲ್ಲವಲ್ಲ ಅಜ್ಜಿ ಎಂದಳು. ನನಗೆ ಅರ್ಥವಾಗಲಿಲ್ಲ, ಆದರೆ ಕಾಗದ ಹಾಕದೆ ಉತ್ತರ ಬಯಸುವುದು ತಪ್ಪು ಎಂಬಷ್ಟು ಅರ್ಥವಾಯಿತು.

ಇನ್ನೊಂದು ಮಾತು. ಈ ಕಾಗದ ನಿಮ್ಮ ಕೈಗೆ ಯಾವ ದಿನ ಸಿಗುತ್ತದೆ ಎಂದು ಹಿಂದಂಚೆಯವರು ಖಚಿತ ಹೇಳಲಾರರಂತೆ. ಒಂದು ವೇಳೆ ನೀವು ಇನ್ನೂ ಆ ಕಂಬದ ನೆತ್ತಿಗೆ ಹತ್ತಿಲ್ಲದಿದ್ದರೆ, ಗೂಡು ಇನ್ನೂ ಕೊರೆದಿಲ್ಲದಿದ್ದರೆ, ನಕ್ಷೆ ನೋಡಿಕೊಂಡು ಅಷ್ಟಕ್ಕೇ ಹಲಗೆ ಕುಯ್ಯಲು ಹೊರಟಿದ್ದರೆ, ನಿಲ್ಲಿ. ಗೂಡು ಕೊರೆಯಿರಿ. ದಿಬ್ಬ ಏರಿಸಿ. ಒಂದು ಗೇಣು, ನಿಮ್ಮ ಕೈಯ ಗೇಣು. ಏಕೆ ಏರಿಸಿದೆ ಎಂದು ಬರೆಯಲು ಆಗ ನಿಮ್ಮ ಹತ್ತಿರ ಸುಳ್ಳಲ್ಲದ ಕಾರಣ ಒಂದಿರುತ್ತದೆ. ಅವನ ಹೆಸರು ಜವರ.

ಬೆಳಕು ಗೂಡಿನ ಮುಚ್ಚಳಕ್ಕೆ ಅರಗು ಹಾಕಿ ಮುದ್ರೆ ಒತ್ತಿದ್ದಾಳೆ. ಈ ತಿಂಗಳ ಇಪ್ಪತ್ತನೇ ತಾರೀಕು ಸೋಮವಾರ, ನೆರಳುಬಟ್ಟೆ ಎಳೆಯುವ ಮೊದಲು, ಎಲ್ಲರೆದುರು ತೆಗೆಯುತ್ತಾಳೆ. ಅಷ್ಟರೊಳಗೆ ನಿಮ್ಮ ಉತ್ತರ ಅದರಲ್ಲಿ ಇರಬೇಕು.

ಚಿಕ್ಕತಾಯಿ
ತಟ್ಟುವವಳು, ಈ ವರ್ಷ ಬಿಟ್ಟು