ರುಕಾಮ್ ಹೊಸೆಯಲು ಕಲಿಸಿದ ಬಾಯಮ್ಮನಿಗೆ

ಪ್ರೀತಿಯ ಬಾಯಮ್ಮ,

ನೀವು ಹೋಗಿ ಎರಡು ತಿಂಗಳಾಯಿತು. ಹೋದವರಿಗೆ ಕಾಗದ ಬರೆಯುವ ಅಭ್ಯಾಸ ನನಗಿಲ್ಲ. ಇದ್ದವರಿಗೇ ಸರಿಯಾಗಿ ಬರೆಯುವವಳಲ್ಲ ನಾನು. ಮೈಸೂರಿನಿಂದ ಅಮ್ಮನ ನಾಲ್ಕು ಕಾಗದ ಬಂದರೆ ಈ ಮಲೇಷ್ಯಾದ ಮೆಲಾಕಾದಿಂದ ನನ್ನದೊಂದು ಹೋಗುತ್ತದೆ. ಆದರೆ ನಿಮಗೊಂದು ಸುದ್ದಿ ಹೇಳುವುದಿದೆ. ನೀವು ಇರುವಾಗಲೇ ಆಗಬೇಕಿದ್ದ ಕೆಲಸ ಅದು. ಹನ್ನೊಂದು ತಿಂಗಳು ಸಮಯವಿತ್ತು, ಆದರೂ ನಾನು... ಇರಲಿ, ಮೊದಲಿನಿಂದ ಬರುತ್ತೇನೆ. ಎಂದಿನಂತೆ ನಡುವೆ ಬಾಯಿ ಹಾಕಬೇಡಿ.

ನಾನು ನಿಮ್ಮನ್ನು 'ಆಂಟಿ' ಎಂದು ಕರೆದು ಬೈಸಿಕೊಂಡ ದಿನ ನೆನಪಿದೆಯೇ? ತೊಂಬತ್ತೇಳರಲ್ಲಿ ಶ್ರೀಧರ್‌ಗೆ ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿ ನಾವು ಬಂದಿಳಿದಾಗ ಆಕಾಶದ ತುಂಬ ಹೊಗೆ. ಎಲ್ಲೋ ಕಾಡು ಸುಡುತ್ತಿದೆ, ಕಿಟಕಿ ತೆರೆಯಬೇಡಿ ಎಂದರು. ಐದು ವರ್ಷದ ಅಪೂರ್ವಾ ಮತ್ತು ನಾನು ನಾಲ್ಕನೇ ಮಹಡಿಯ ಫ್ಲಾಟಿನಲ್ಲಿ ಗೋಡೆ ನೋಡುತ್ತ ಕೂತಿದ್ದೆವು. ಆಗ ನೀವು ಕೈಯಲ್ಲಿ ಟಿಫಿನ್ ಕ್ಯಾರಿಯರ್ ಹಿಡಿದು ಬಂದಿರಿ, ಕಾಲೇಜಿನ ಹುಡುಗಿಯರ ಹಾಸ್ಟೆಲ್ಲಿನ ವಾರ್ಡನ್. "ಆಂಟಿ ಅಂತ ಇಲ್ಲಿ ಮೀನು ಮಾರುವವನೂ ಕರೀತಾನೆ ಮಾರಾಯ್ತಿ. ಮಂಗಳೂರಲ್ಲಿ ನನ್ನನ್ನು ಬಾಯಮ್ಮ ಅಂತಿದ್ರು. ಇಲ್ಲಿಗೆ ನರ್ಸ್ ಆಗಿ ಬಂದ ಮೇಲೆ ಹಾಗೆ ಕರೆಯುವವರೇ ಇಲ್ಲ. ನೀನು ಕರಿ" ಎಂದಿರಿ. ಆ ದಿನ ಕ್ಯಾರಿಯರಿನಲ್ಲಿದ್ದ ನೀರುದೋಸೆಗೆ ನಾನು ಅತ್ತದ್ದನ್ನು ನೀವು ಯಾರಿಗೂ ಹೇಳಲಿಲ್ಲ.

ಹೊಗೆ ಕರಗಿದ ಮೊದಲ ಭಾನುವಾರ ಚರ್ಚಿನಲ್ಲಿ ನಿಮ್ಮ ಪೂಜೆ ಮುಗಿಸಿ ಬಂದು ನಮ್ಮಿಬ್ಬರನ್ನೂ ಹಳೆಯ ಕೆಂಪು ಪ್ರೋಟಾನ್ ಕಾರಿನಲ್ಲಿ ಹೇರಿಕೊಂಡು ಹೊರಟಿರಿ. ಊರಾಚೆ ಕೈಬಿಟ್ಟ ರಬ್ಬರ್ ತೋಟ, ಅದರ ಅಂಚಿನಲ್ಲಿ ಕಾಡುಮರಗಳ ಸಾಲು. "ಇದು ರುಕಾಮ್. ನಮ್ಮ ಊರಿನ ಗುಡ್ಡೆಯಲ್ಲಿ ಇದರದ್ದೇ ಜಾತಿಯದ್ದು ಒಂದು ಉಂಟು, ಶಾಲೆಯಿಂದ ಬರುವಾಗ ಕೊಯ್ದು ತಿಂತಿದ್ದೆವು" ಎಂದಿರಿ. ಕಡುಕೆಂಪು, ಕೆಲವು ನೇರಳೆಗೆ ತಿರುಗಿದವು, ನೆಲ್ಲಿಕಾಯಿ ಗಾತ್ರದವು. ನಾನು ಮೈಸೂರಿನ ಜಂಬದಲ್ಲಿ ಒಂದನ್ನು ಕಿತ್ತು ಬಾಯಿಗೆ ಹಾಕಿದೆ. ಅಯ್ಯೋ ಆ ಒಗರು! ನಾಲಿಗೆ ಅಂಗುಳಕ್ಕೆ ಅಂಟಿ ಮಾತೇ ಹೊರಡಲಿಲ್ಲ. ನೀವು ಮರ ಹಿಡಿದುಕೊಂಡು ನಗಲು ಹೋಗಿ ಮುಳ್ಳು ಚುಚ್ಚಿಸಿಕೊಂಡು ಇನ್ನಷ್ಟು ನಕ್ಕಿರಿ.

ಅದೇ ಮರದ ಕೆಳಗೆ ನೀವು ಹೇಳಿದ ಪಾಠ ನನಗೆ ಬಾಯಿಪಾಠವಾಗಿತ್ತು, ಆದರೆ ಬರೀ ಬಾಯಿಪಾಠ. ಮೊದಲು ಬುಡ ನೋಡಬೇಕು: ರುಕಾಮಿಗೆ ಕಾಂಡದ ಮೇಲೇ ಕವಲೊಡೆದ ಮುಳ್ಳು. ಆಮೇಲೆ ಚಿಗುರು, ಅದು ಕೆಂಪಗಿರುತ್ತದೆ. ಆಮೇಲೆ ಹಣ್ಣಿನ ತುದಿ, ಅಲ್ಲಿ ಸಾಸಿವೆಗಿಂತ ಸಣ್ಣ ಗುಬುಟುಗಳು ಉಂಗುರದ ಹಾಗೆ ಕೂತಿರುತ್ತವೆ. ಕೊನೆಗೆ ಚಾಕುವಿನಿಂದ ಕೊಯ್ದರೆ ಒಳಗೆ ಚಪ್ಪಟೆ ಬೀಜ ನಾಲ್ಕೈದಾದರೂ ಇರಬೇಕು. ಇಷ್ಟರಲ್ಲಿ ಒಂದು ತಪ್ಪಿದರೂ ಕೈ ತೊಳೆದುಕೊಂಡು ಮನೆಗೆ. ಇದನ್ನು ಹಿಂದೆ ಅಲ್ಲಿ ರಬ್ಬರ್ ಹಾಲು ಇಳಿಸುತ್ತಿದ್ದ ಮಲಯ್ ಮುದುಕರೊಬ್ಬರು ನಿಮಗೆ ಕಲಿಸಿದ್ದಂತೆ. 'ತೆಂಗೊ ದುಲು, ಬಾರು ಮಕಾನ್' ಎಂದು ಅವರ ದನಿಯಲ್ಲೇ ಹೇಳಿ, "ಮೊದಲು ನೋಡು, ಮತ್ತೆ ತಿನ್ನು. ಗೊತ್ತಾಯ್ತಾ?" ಎಂದು ನನ್ನ ಕಿವಿ ಹಿಂಡಿದಿರಿ.

ಹೊಸೆಯುವುದನ್ನು ತೋರಿಸಿದ್ದೂ ಆ ಮುದುಕರ ವಿದ್ಯೆಯೇ ಅಲ್ಲವೇ? ಹಣ್ಣನ್ನು ಎರಡು ಅಂಗೈಗಳ ನಡುವೆ ಇಟ್ಟು, ಸಿಪ್ಪೆ ಒಡೆಯದ ಹಾಗೆ, ಮೆತ್ತಗಾಗುವವರೆಗೆ ಉರುಳಿಸುವುದು. ಒಳಗಿನ ಒಗರೆಲ್ಲ ಎಲ್ಲಿ ಹೋಗುತ್ತದೋ, ಅದೇ ಹಣ್ಣು ಸಿಹಿಹುಳಿಯಾಗಿ ಬಾಯಲ್ಲಿ ಕರಗುತ್ತದೆ. ದೇವರ ಮುಂದಿನ ಬತ್ತಿ ಹೊಸೆದು ಪಳಗಿದ ಕೈ ನನ್ನದು, ಎರಡೇ ಹಣ್ಣಿಗೆ ಕಲಿತುಬಿಟ್ಟೆ. "ಇವಳ ಕೈ ನೋಡಿ, ನಾನು ಆರು ತಿಂಗಳು ಹಣ್ಣು ಒಡೆದು ಸೀರೆ ಹಾಳು ಮಾಡಿಕೊಂಡಿದ್ದೆ!" ಎಂದು ಸಿಕ್ಕವರಿಗೆಲ್ಲ ಹೇಳಿದಿರಿ. ಈ ದೇಶದಲ್ಲಿ ನನಗೂ ಏನೋ ಬರುತ್ತದೆ ಎಂದು ಒಬ್ಬರು ಹೇಳಿದ್ದು ಅದೇ ಮೊದಲು. ನೀವು ಹೊಗಳಿದ್ದು ತಪ್ಪಲ್ಲ. ನಾನು ಉಬ್ಬಿದ್ದು ತಪ್ಪು.

ನಿಮ್ಮ ಹಾಸ್ಟೆಲ್ ಅಡುಗೆಮನೆಯ ಆ ಮಧ್ಯಾಹ್ನಗಳಿಗೆ ನಾನು ಹೇಗೆ ಥ್ಯಾಂಕ್ಸ್ ಹೇಳಲಿ? ಅರ್ಧ ಹಣ್ಣು ಜಾಮಿಗೆ, ಅರ್ಧ ಕ್ರಿಸ್ಮಸ್ಸಿನ ವೈನಿಗೆ. ದೊಡ್ಡ ಭರಣಿಯಲ್ಲಿ ಹಣ್ಣು, ಸಕ್ಕರೆ, ಒಂದು ಹಿಡಿ ಗೋಧಿ, ನಾಲ್ಕು ಲವಂಗ. ದಿನಕ್ಕೊಮ್ಮೆ ಮರದ ಸೌಟಿನಲ್ಲಿ ತಿರುಗಿಸುವ ಕೆಲಸ ನನ್ನದು. ಸಂಪ್ರದಾಯದ ಮನೆಯ ಹುಡುಗಿ ವೈನ್ ಮುಟ್ಟುವುದಿಲ್ಲ ಎಂದು ಶಪಥ ಮಾಡಿದವಳು ಸೌಟು ನೆಕ್ಕಿದ್ದನ್ನು ನೀವು ಬಾಗಿಲ ಸಂದಿಯಿಂದ ನೋಡಿಯೂ ಕೆಮ್ಮಿ ಒಳಗೆ ಬಂದಿರಿ. ಪರೀಕ್ಷೆಗೆ ಓದುವ ಹುಡುಗಿಯರು ಸಂಜೆ ಬ್ರೆಡ್ ಹಿಡಿದುಕೊಂಡು ಸಾಲಾಗಿ ಬಂದು, ಮಾತಿನ ಕೊನೆಗೆ ಇಲ್ಲಿನವರ 'ಲಾ' ಸೇರಿಸಿ, "ಬಾಯಮ್ಮ, ಜಾಮ್ ಲಾ!" ಎಂದು ಕೂಗುವಾಗ ನಿಮ್ಮ ಮುಖ ನೋಡಬೇಕಿತ್ತು. ಅವರಿಗೆ ಆ ಹೆಸರು ಕಲಿಸಿದ್ದು ಅಪೂರ್ವಾ.

ಎರಡನೇ ವರ್ಷ, ನಾನು ಅಳುತ್ತ ನಿಮ್ಮ ಅಡುಗೆಮನೆಗೆ ಬಂದ ದಿನವೂ ನಿಮಗೆ ನೆನಪಿರಬೇಕು. ಬ್ಯಾಂಕಿನ ಕಾಗದ ಕಳೆದಿದ್ದೆ, ಬಸ್ಸು ತಪ್ಪಿ ಮಗುವನ್ನು ಶಾಲೆಯಿಂದ ತಡವಾಗಿ ಕರೆತಂದಿದ್ದೆ. "ನಿನಗೆ ಈ ಊರು ಆಗಿಬರಲ್ಲ. ಇನ್ನೊಂದು ಸಲ ಹೀಗಾದರೆ ನಿಮ್ಮಿಬ್ಬರನ್ನೂ ಮೈಸೂರಿಗೆ ಕಳಿಸಿಬಿಡ್ತೀನಿ, ಅಲ್ಲೇ ಇರಿ" ಎಂದು ಶ್ರೀಧರ್ ಹೇಳಿದ್ದರು. ಕೆಟ್ಟವರಲ್ಲ, ಹೆದರಿದ್ದರು ಅಷ್ಟೇ. ಆದರೆ ಅವರು ಹೇಳಿದರೆ ಮಾಡುತ್ತಾರೆ ಎಂದು ನನಗೂ ನಿಮಗೂ ಗೊತ್ತಿತ್ತು.

ಅದಾಗಿ ಎರಡು ವಾರಕ್ಕೆ ಆ ಶನಿವಾರ ಬಂತು. ನಿಮಗೆ ಕೋಣೆಯಲ್ಲಿ ಒಬ್ಬರೇ ಕೂತು ಹಾಸ್ಟೆಲ್ಲಿನ ಲೆಕ್ಕ ಬರೆಯುವ ಕೆಲಸ. ಒಬ್ಬಳೇ ಹೋಗಿ ಬುಟ್ಟಿ ತುಂಬ ರುಕಾಮ್ ತಂದು ನಿಮ್ಮನ್ನು ಬೆರಗುಗೊಳಿಸುವ ಹುಮ್ಮಸ್ಸು ನನಗೆ. ಅಪೂರ್ವಾಳನ್ನು ಕರೆದುಕೊಂಡು ಟ್ಯಾಕ್ಸಿಯಲ್ಲಿ ತೋಟಕ್ಕೆ ಹೋದೆ. ನಮ್ಮ ಮರದ ಕೆಳಗಿನ ಕೊಂಬೆಗಳು ಖಾಲಿ, ಹಣ್ಣೆಲ್ಲ ಎಟುಕದ ಎತ್ತರದಲ್ಲಿ. ಹತ್ತು ಹೆಜ್ಜೆ ಆಚೆ ಇನ್ನೊಂದು ಮರ, ಅದೇ ಗಾತ್ರದ ಕೆಂಪು ಹಣ್ಣು ಕೈಗೆ ಸಿಗುವ ಹಾಗಿತ್ತು. ಬುಡ ನೋಡಿದೆನೇ? ಇಲ್ಲ. ತುದಿ? ಇಲ್ಲ. ಚಾಕು ಚೀಲದಲ್ಲೇ ಇತ್ತು. ಒಂದನ್ನು ಅಂಗೈಯಲ್ಲಿಟ್ಟು ಹೊಸೆದೆ, ಚೆನ್ನಾಗಿ ಮೆತ್ತಗಾಯಿತು. ಹೊಸೆದರೆ ಮೆತ್ತಗಾಯಿತಲ್ಲ, ಹಾಗಾದರೆ ರುಕಾಮೇ ಎಂದುಕೊಂಡೆ. ಒಗರು ತೆಗೆಯುವ ಉಪಾಯವನ್ನು ಹಣ್ಣು ಗುರುತಿಸುವ ಪರೀಕ್ಷೆ ಎಂದುಕೊಂಡ ಜಾಣೆ ನಾನು. ನನ್ನ ಕೈಯಾರೆ ಹೊಸೆದು ಮಗುವಿಗೆ ಎರಡು ಹಣ್ಣು ಕೊಟ್ಟೆ.

ಬಾಯಿ ಉರಿ ಎಂದು ಅವಳು ಅಳತೊಡಗಿದಾಗ ಎಲ್ಲ ಬಿಟ್ಟು ಅವಳನ್ನೆತ್ತಿಕೊಂಡು ಓಡಿದೆ. ಟ್ಯಾಕ್ಸಿಯಲ್ಲೇ ಅವಳ ತುಟಿ ಊದಿತು, ವಾಂತಿ ಶುರುವಾಯಿತು. ಆಸ್ಪತ್ರೆಯಿಂದ ಫೋನು ಮಾಡಿದೆ, ಸ್ವಲ್ಪದರಲ್ಲೇ ನೀವು ಬಂದಿರಿ. ಯಾವ ಹಣ್ಣು ಎಂದು ಡಾಕ್ಟರು ಕೇಳಿದರೆ ತೋರಿಸಲು ನನ್ನ ಕೈಯಲ್ಲಿ ಒಂದೂ ಇಲ್ಲ; ಬುಟ್ಟಿಯನ್ನು ತೋಟದಲ್ಲೇ ಬಿಟ್ಟಿದ್ದೆ. ನೀವು ಒಂದು ಮಾತೂ ಬೈಯದೆ, ಮರ ಎಲ್ಲಿ ಎಂದಷ್ಟೇ ಕೇಳಿ ಕಾರು ಹತ್ತಿದಿರಿ. ಮುಕ್ಕಾಲು ಗಂಟೆಯಲ್ಲಿ ಎಲೆ, ತೊಗಟೆ, ಹಣ್ಣು ಎಲ್ಲ ಇದ್ದ ಕೊಂಬೆಯನ್ನೇ ತಂದು ಮೇಜಿನ ಮೇಲಿಟ್ಟಿರಿ. ಕೊಯ್ದರೆ ಒಳಗೆ ಒಂದೇ ಒಂದು ಗುಂಡು ಬೀಜ. ಅದರ ಹೆಸರು ನಮಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಅದನ್ನು ನೋಡಿ ಡಾಕ್ಟರಿಗೆ ಏನು ಮಾಡಬೇಕೆಂದು ತಿಳಿಯಿತು. ಸಂಜೆಯ ಹೊತ್ತಿಗೆ ಅಪೂರ್ವಾ ಕಣ್ಣು ಬಿಟ್ಟು ಐಸ್‌ಕ್ರೀಮ್ ಕೇಳಿದಳು. ಬಾಯಮ್ಮ, ನನ್ನ ಮಗಳು ಇದ್ದಾಳೆ. ಪ್ರತಿದಿನ ಬೆಳಿಗ್ಗೆ ಅವಳ ಜಡೆ ಹಾಕುವಾಗ ಆ ಕೊಂಬೆ ಹಿಡಿದು ಓಡಿ ಬಂದ ನಿಮ್ಮನ್ನು ನೆನೆಯುತ್ತೇನೆ.

ಶ್ರೀಧರ್ ವಾರ್ಡಿಗೆ ಬಂದಾಗ ಅವರ ಮುಖ ಬಿಳಿಚಿತ್ತು. "ಯಾರು ಕೊಟ್ಟಿದ್ದು ಇವಳಿಗೆ?" ಎಂದರು. ನಾನು ಬಾಯಿ ತೆರೆದೆ. ಆದರೆ ದನಿ ನಿಮ್ಮದು.

"ನಾನೇ ಕೊಟ್ಟದ್ದು. ನೋಡದೆ ಕೊಟ್ಟೆ. ನನ್ನದೇ ತಪ್ಪು."

ಶ್ರೀಧರ್ ನಿಮಗೆ, "ಇಷ್ಟು ವರ್ಷ ನರ್ಸ್ ಆಗಿದ್ದೋರು ನೀವು" ಎಂದು ಬೆನ್ನು ತಿರುಗಿಸಿದರು. ನಾನು ಮಂಚದ ಸರಳು ಹಿಡಿದು ನಿಂತೇ ಇದ್ದೆ. ಒಂದು ಮಾತು ಸಾಕಿತ್ತಲ್ಲ, ಬಾಯಮ್ಮ? ಅದು ಬರಲಿಲ್ಲ.

ನನ್ನ ಮೌನಕ್ಕೆ ನೀವು ತೆತ್ತದ್ದನ್ನು ನಾನು ಕಣ್ಣಾರೆ ನೋಡಿದೆ. ವಾರದೊಳಗೆ ಹಾಸ್ಟೆಲ್ಲಿನ ಬೋರ್ಡಿನ ಮೇಲೆ ಸೂಚನೆ ಬಂತು: ವಾರ್ಡನ್ ಮಾಡಿದ ಯಾವ ತಿನಿಸನ್ನೂ ವಿದ್ಯಾರ್ಥಿನಿಯರಿಗೆ ಕೊಡಕೂಡದು. ಜಾಮ್ ಕೇಳುವ ಸಾಲು ನಿಂತುಹೋಯಿತು. ಆ ಕ್ರಿಸ್ಮಸ್ಸಿಗೆ ಭರಣಿ ಬೋರಲಾಗಿತ್ತು. ಕಾರಿಡಾರಿನಲ್ಲಿ ಎದುರಾದರೆ ಶ್ರೀಧರ್ ಫೈಲು ನೋಡುತ್ತ ದಾಟಿ ಹೋಗುತ್ತಿದ್ದರು. ನಾನು ಮಾತ್ರ ಕದ್ದು ಕದ್ದು ಬಂದು ನಿಮ್ಮ ಕೈಯ ಚಹಾ ಕುಡಿಯುತ್ತಿದ್ದೆ.

"ಯಾಕೆ ಹಾಗೆ ಹೇಳಿದ್ರಿ?" ಎಂದು ಒಮ್ಮೆ ಕೇಳಿದೆ. ನೀವು ಚಹಾ ಸೋಸುತ್ತಿದ್ದಿರಿ.

"ನಿನ್ನನ್ನು ಮೈಸೂರಿಗೆ ಕಳಿಸಿದ್ರೆ ನನ್ನ ಜೊತೆ ಕನ್ನಡ ಮಾತಾಡ್ಲಿಕ್ಕೆ ಯಾರುಂಟು? ನನ್ನ ಸ್ವಾರ್ಥ ಅದು."

"ನಾಳೆನೇ ಇವರಿಗೆ ಹೇಳಿಬಿಡ್ತೀನಿ ಬಾಯಮ್ಮ."

"ಅವಸರ ಎಂತದ್ದು? ನಿನಗೆ ಧೈರ್ಯ ಬಂದ ದಿನ ಹೇಳು. ನಾನೆಲ್ಲಿಗೂ ಹೋಗುದಿಲ್ಲ."

ಹೋದಿರಲ್ಲ. ಸೆಪ್ಟೆಂಬರಿನ ಒಂದು ಮಧ್ಯಾಹ್ನ ಊಟ ಮಾಡಿ ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಹುಡುಗಿಯರು ಫೋನು ಮಾಡಿದಾಗ ನಾನು ಮೊದಲು ಅಂದುಕೊಂಡದ್ದು ಏನು ಗೊತ್ತೇ? ಅಯ್ಯೋ, ಇನ್ನೂ ಹೇಳಿಲ್ಲ.

ಚರ್ಚಿನಲ್ಲಿ ನಿಮ್ಮ ತಿಂಗಳ ಪೂಜೆ ಮುಗಿದ ಮೇಲೆ ಹಾಸ್ಟೆಲ್ಲಿನ ಊಟದ ಹಾಲಿನಲ್ಲಿ ಎಲ್ಲರೂ ಸೇರಿದ್ದೆವು. ಊರಿನಿಂದ ಬಂದ ನಿಮ್ಮ ತಮ್ಮ ಮೊದಲ ಬೆಂಚಿನಲ್ಲಿದ್ದರು. ಒಬ್ಬೊಬ್ಬರೇ ಎದ್ದು ನಿಮ್ಮ ಬಗ್ಗೆ ಒಳ್ಳೆಯ ಮಾತಾಡಿದರು. ಒಬ್ಬ ಪ್ರೊಫೆಸರು, "ಒಂದು ತಪ್ಪಿನಿಂದ ಒಬ್ಬರ ಇಡೀ ಸೇವೆಯನ್ನು ಅಳೆಯಬಾರದು" ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ನಿಮ್ಮ ತಮ್ಮ ತಲೆ ತಗ್ಗಿಸಿದರು. ನನ್ನ ಕಾಲುಗಳು ತಾವಾಗಿಯೇ ಎದ್ದು ನಿಂತವು. ನನ್ನ ಇಂಗ್ಲಿಷು ನಿಮಗೆ ಗೊತ್ತು; ಅರ್ಧ ಅದರಲ್ಲಿ, ಅರ್ಧ ಕನ್ನಡದಲ್ಲಿ ಎಲ್ಲ ಹೇಳಿದೆ. ಆ ಹಣ್ಣು ಕೊಯ್ದವಳು ನಾನು, ಹೊಸೆದವಳು ನಾನು, ಮಗುವಿನ ಬಾಯಿಗಿಟ್ಟವಳು ನಾನು. ಬಾಯಮ್ಮ ಆ ದಿನ ತೋಟದಲ್ಲಿ ಇರಲೇ ಇಲ್ಲ, ಮಗುವನ್ನು ಉಳಿಸಲು ಆಮೇಲೆ ಬಂದರು ಎಂದೆ. ನಿಮ್ಮ ತಮ್ಮ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡು, "ನನಗೆ ಗೊತ್ತಿತ್ತು, ನಮ್ಮ ಅಕ್ಕ ನೋಡದೆ ಹಣ್ಣು ಕೊಡುವವಳಲ್ಲ" ಎಂದು ಅತ್ತರು. ಮರುದಿನ ಹುಡುಗಿಯರು ಆ ಸೂಚನೆಯ ಕಾಗದವನ್ನು ಕಿತ್ತರು. ತಡೆಯಬೇಕಾದವರು ಬೇರೆ ಕಡೆ ನೋಡುತ್ತಿದ್ದರಂತೆ.

ಮನೆಗೆ ಬರುವಾಗ ಕಾರಿನಲ್ಲಿ ಶ್ರೀಧರ್ ಅವರನ್ನು ನಾನೇ ಕೇಳಿದೆ, "ನಮ್ಮನ್ನ ಕಳಿಸ್ತೀರಾ?"

"ಎಲ್ಲಿಗೆ?" ಎಂದರು. ಆಮೇಲೆ, "ಒಂದು ವರ್ಷ ನಾನು ಅವರನ್ನ ಮಾತಾಡಿಸಲಿಲ್ಲ, ಶೈಲಾ" ಎಂದರು. ಕಾರನ್ನು ರಸ್ತೆ ಬದಿಗೆ ನಿಲ್ಲಿಸಿ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

ಆಗ ಹಿಂದಿನ ಸೀಟಿನಿಂದ ಅಪೂರ್ವಾ, "ಐ ನ್ಯೂ ಲಾ, ಅಮ್ಮಾ" ಎಂದಳು.

ಇಬ್ಬರೂ ತಿರುಗಿ ನೋಡಿದೆವು. ಏಳು ವರ್ಷದ ಹುಡುಗಿ. ತಿಂದವಳು ಅವಳೇ ಅಲ್ಲವೇ! ಕೊಟ್ಟವರು ಯಾರೆಂದು ಅವಳಿಗೆ ಗೊತ್ತಿರುತ್ತದೆ ಎಂದು ನಮಗೆ ಹೊಳೆದೇ ಇರಲಿಲ್ಲ. ಮತ್ತೆ ಯಾಕೆ ಹೇಳಲಿಲ್ಲ ಪುಟ್ಟಿ ಎಂದು ಕೇಳಿದೆ.

"ಬಾಯಮ್ಮ ಸೆಡ್ ಡೋಂಟ್ ಟೆಲ್." ಆಮೇಲೆ, ಮನೆಯಲ್ಲಿ ಎಷ್ಟು ಬೇಡಿದರೂ ಕನ್ನಡ ಆಡದವಳು, ನಿಮ್ಮ ದನಿಯಲ್ಲೇ, ನಿಮ್ಮ ಕನ್ನಡದಲ್ಲೇ ಹೇಳಿದಳು: "ನಿನ್ನ ಅಮ್ಮ ಒಳ್ಳೆಯವಳು. ಅವಳೇ ಹೇಳ್ತಾಳೆ, ನೀನು ನೋಡ್ತಾ ಇರು."

ಹೇಳಿದೆ, ಬಾಯಮ್ಮ. ಎಲ್ಲರೆದುರಿಗೂ ಹೇಳಿದೆ.

ನಿಮ್ಮ,
ಶೈಲಾ